ಬಾವಲಿಯ ಕಿವಿಯನ್ನು ಅರಿತ ಪಂಡಿತ: ಲಾಜರೋ ಸ್ಪಲ್ಲಂಜಾನಿ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡನಾಡಿನ ಕವಿಗಳ, ಶರಣರ, ದೇಶಭಕ್ತರ ಚರಿತ್ರೆಗಳನ್ನು ಓದುವುದು ನಮ್ಮೆಲ್ಲರ ರೂಢಿ. ಈ ಸಲ ನಾವು ದೂರದ ಇಟಲಿಯ ವಿಜ್ಞಾನಿಯೊಬ್ಬರ ಜೀವನವನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಅದಕ್ಕೆ ಕಾರಣವುಂಟು. ಸುಮಾರು ಇನ್ನೂರ ಮೂವತ್ತು ವರ್ಷಗಳ ಹಿಂದೆ ಅವರು ಕತ್ತಲೆಯ ಕೋಣೆಯಲ್ಲಿ ಹಾಕಿಕೊಂಡ ಒಂದು ಪ್ರಶ್ನೆಗೂ, ನಮ್ಮ ಕೋಲಾರ ಜಿಲ್ಲೆಯ ಒಂದು ಕಲ್ಲುಗವಿಗೂ, ನಾವು ಅನ್ನ ಅರಸಿ ಬಂದಿರುವ ಈ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೂ ಒಂದು ನಂಟು ಬೆಳೆದಿದೆ. ಆ ನಂಟಿನ ಕಥೆ ಕನ್ನಡಿಗರಿಗೆ ತಿಳಿದಿರಬೇಕೆಂಬುದು ನಮ್ಮ ಆಸೆ.

ನಾವು ದಿನವೂ ಓಡಾಡುವ ಬೇಗಂ ಬಜಾರು ನಿಜಾಮ್ ಅಲಿ ಖಾನರ ಬೇಗಂ ಹಮ್ದಾ ಅವರು ವರ್ತಕರಿಗೆ ದಾನವಾಗಿ ಕೊಟ್ಟ ನೆಲದಲ್ಲಿ ಬೆಳೆದದ್ದೆಂದು ಹೇಳುತ್ತಾರೆ. ನಿಜಾಮ್ ಅಲಿ ಖಾನರು ಆಳಿದ್ದು 1762ರಿಂದ 1803ರವರೆಗೆ. ನಾವು ಹೇಳಹೊರಟಿರುವ ಪಂಡಿತರು ಇಟಲಿಯಲ್ಲಿ ಕೀರ್ತಿಗೆ ಬಂದುದೂ ಸರಿಯಾಗಿ ಅದೇ ಕಾಲದಲ್ಲಿ. ಇಲ್ಲಿ ಮಸಾಲೆ, ಒಣಹಣ್ಣು, ಹಿತ್ತಾಳೆ ಪಾತ್ರೆಗಳ ವ್ಯಾಪಾರ ಬೇರೂರುತ್ತಿದ್ದ ದಿನಗಳಲ್ಲಿ, ಅಲ್ಲಿ ಒಬ್ಬ ಪಾದ್ರಿ ಮೇಣದಬತ್ತಿಯನ್ನು ಆರಿಸಿ, ಬಾವಲಿಗಳು ಹೇಗೆ ಹಾರುತ್ತವೆಂದು ಪರೀಕ್ಷಿಸುತ್ತಿದ್ದರು.

ಬಾವಲಿಯೆಂದರೆ ನಮ್ಮ ಜನಕ್ಕೆ ಅಷ್ಟಾಗಿ ಒಲವಿಲ್ಲ. ಅದು ಮನೆಯೊಳಗೆ ಬಂದರೆ ಅಪಶಕುನವೆಂದು ಹಿರಿಯರು ಪೊರಕೆ ಹಿಡಿಯುತ್ತಾರೆ. ತಲೆಕೂದಲಿಗೆ ಸಿಕ್ಕಿಕೊಳ್ಳುತ್ತದೆಂದು ಮಕ್ಕಳನ್ನು ಹೆದರಿಸುವುದೂ ಉಂಟು. ಆದರೆ ಬೀದಿದೀಪದ ಸುತ್ತ ಹುಳು ಹಿಡಿಯುವ ಆ ಪುಟ್ಟ ಪ್ರಾಣಿ, ತಂತಿಗಳ ನಡುವೆ ನುಸುಳಿದರೂ ಒಂದಕ್ಕೂ ತಾಗದೆ ಹೇಗೆ ತಿರುಗುತ್ತದೆಂದು ನಾವು ಯೋಚಿಸುವುದು ಕಡಮೆ. ಹಾಗೆ ಯೋಚಿಸಿದವರು, ಉತ್ತರ ಸಿಕ್ಕುವವರೆಗೂ ಬಿಡದೆ ಹಿಡಿದವರು ಲಾಜರೋ ಸ್ಪಲ್ಲಂಜಾನಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಪಲ್ಲಂಜಾನಿಯವರು 1729ರ ಜನವರಿಯಲ್ಲಿ ಉತ್ತರ ಇಟಲಿಯ ಸ್ಕಾಂದಿಯಾನೋ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ವಕೀಲರು. ಹದಿನೈದನೆಯ ವಯಸ್ಸಿನ ಸುಮಾರಿಗೆ ಬಾಲಕನನ್ನು ರೆಜ್ಜೋ ನಗರದ ಜೆಸುವಿಟ್ ಪಾದ್ರಿಗಳ ವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ, ಮಗನೂ ತಮ್ಮಂತೆ ವಕೀಲನಾಗಲೆಂಬ ತಂದೆಯ ಇಚ್ಛೆಯಂತೆ, ಅವರು ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರ ಓದಲು ಹೊರಟರು.

ಬೊಲೋನ್ಯದಲ್ಲಿ ಅವರ ಬಾಳು ಬೇರೆ ದಾರಿ ಹಿಡಿಯಿತು. ಅವರ ಬಂಧು ಲಾರಾ ಬಾಸ್ಸಿ ಎಂಬಾಕೆ ಅಲ್ಲಿಯೇ ಭೌತಶಾಸ್ತ್ರ ಬೋಧಿಸುತ್ತಿದ್ದರು. ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲೇ ತೆರೆಯದಿದ್ದ ಕಾಲದಲ್ಲಿ ಅಧ್ಯಾಪಕರ ಪೀಠವೇರಿದ ಅಪೂರ್ವ ವಿದುಷಿ ಅವರು. ಅವರ ಸಹವಾಸದಿಂದ ಯುವಕನ ಮನಸ್ಸು ಕಾನೂನಿನ ಪುಸ್ತಕಗಳಿಂದ ಪ್ರಕೃತಿಯ ಕಡೆಗೆ ತಿರುಗಿತು. ಕೊನೆಗೆ ತಂದೆಯನ್ನು ಒಪ್ಪಿಸಿ ಕಾನೂನು ಬಿಟ್ಟರು. ಗಣಿತ, ಭೌತಶಾಸ್ತ್ರ, ಸೃಷ್ಟಿವಿಜ್ಞಾನಗಳಲ್ಲಿ ಮುಳುಗಿದರು. ಒಬ್ಬ ಅಕ್ಕನಂಥ ಹಿರಿಯಳ ಮಾತು ಒಂದು ಜೀವನವನ್ನೇ ತಿದ್ದಿತೆಂಬುದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಹೇಳತಕ್ಕದ್ದು.

ಮುಂದೆ ಅವರು ಪಾದ್ರಿಯ ದೀಕ್ಷೆ ಪಡೆದರು. ಆದರೆ ಉದ್ಯೋಗವೆಲ್ಲ ಅಧ್ಯಾಪಕರದು. ಮೊದಲು ರೆಜ್ಜೋ, ಅನಂತರ ಮೊದೆನಾ, 1769ರಿಂದ ಕೊನೆಯವರೆಗೂ ಪಾವಿಯಾ. ಪಾವಿಯಾ ಆಗ ಆಸ್ಟ್ರಿಯಾದ ಅಧೀನದಲ್ಲಿತ್ತು. ಅಲ್ಲಿ ಅವರು ಸೃಷ್ಟಿವಿಜ್ಞಾನದ ಪೀಠವನ್ನು ವಹಿಸಿದ್ದಲ್ಲದೆ, ಪ್ರಾಣಿ, ಕಲ್ಲು, ಚಿಪ್ಪುಗಳ ಒಂದು ದೊಡ್ಡ ಸಂಗ್ರಹಾಲಯವನ್ನೂ ಬೆಳೆಸಿದರು.

ಪರೀಕ್ಷಿಸದೆ ಒಪ್ಪದ ಮನಸ್ಸು

ಆ ಕಾಲದಲ್ಲಿ ಕೊಳೆತ ಪದಾರ್ಥದಿಂದ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆಂದು ದೊಡ್ಡ ದೊಡ್ಡ ಪಂಡಿತರೂ ನಂಬಿದ್ದರು. ಇಂಗ್ಲೆಂಡಿನ ನೀಡ್‌ಹಾಮ್ ಎಂಬವರು ಮಾಂಸದ ಸಾರನ್ನು ಕಾಯಿಸಿ, ಬಿರಡೆ ಹಾಕಿಟ್ಟರೂ ಜೀವಿಗಳು ಕಾಣಿಸಿಕೊಂಡುದನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸಿದ್ದರು. ಸ್ಪಲ್ಲಂಜಾನಿಯವರು ಬಿರಡೆಯನ್ನು ನಂಬಲಿಲ್ಲ. ಗಾಜಿನ ಸೀಸೆಗಳ ಕೊರಳನ್ನೇ ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ಅವುಗಳನ್ನು ಬಹಳ ಹೊತ್ತು ಕುದಿಸಿಟ್ಟರು. ಸಾರು ಕೆಡಲಿಲ್ಲ, ಜೀವಿಯೂ ಹುಟ್ಟಲಿಲ್ಲ. ಸೀಸೆಯ ಕೊರಳು ಬಿರಿದು ಗಾಳಿ ಹೊಕ್ಕಲ್ಲಿ ಮಾತ್ರ ಜೀವಿಗಳು ಬಂದವು. 1765ರಲ್ಲಿ ಪ್ರಕಟವಾದ ಈ ಪ್ರಯೋಗಗಳ ದಾರಿಯನ್ನು ಸುಮಾರು ನೂರು ವರ್ಷಗಳ ಮೇಲೆ ಪಾಶ್ಚರರು ಪೂರ್ತಿಗೊಳಿಸಿದರು. ನಮ್ಮ ಅಂಗಡಿಗಳಲ್ಲಿ ಇಂದು ಸೀಲು ಮಾಡಿದ ಡಬ್ಬಿಯ ಆಹಾರ ತಿಂಗಳುಗಟ್ಟಲೆ ಕೆಡದಿರುವುದಕ್ಕೂ ಇದೇ ತತ್ತ್ವ ಆಧಾರ.

ಅನ್ನ ಹೊಟ್ಟೆಯಲ್ಲಿ ಹೇಗೆ ಜೀರ್ಣವಾಗುತ್ತದೆಂಬುದನ್ನು ತಿಳಿಯಲು ಅವರು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದರು. ಬ್ರೆಡ್ಡು, ಮಾಂಸದ ತುಂಡುಗಳನ್ನು ಚಿಕ್ಕ ಬಟ್ಟೆಚೀಲಗಳಲ್ಲಿ ಹೊಲಿದು ನುಂಗಿದರು. ಚೀಲ ಹರಿಯದೆಯೇ ಒಳಗಿನ ಪದಾರ್ಥ ಕರಗಿದ್ದುದನ್ನು ಕಂಡು, ಜೀರ್ಣವೆಂಬುದು ಬರಿಯ ಅರೆಯುವಿಕೆಯಲ್ಲ, ಜಠರರಸದ ಕೆಲಸ ಎಂದು ತೋರಿಸಿದರು. ಸಲಮಂದರ ಎಂಬ ಪ್ರಾಣಿಯ ಕಾಲು, ಬಾಲ ಕತ್ತರಿಸಿದರೂ ಮತ್ತೆ ಬೆಳೆಯುವುದನ್ನು ವಿವರವಾಗಿ ಬರೆದಿಟ್ಟರು. ಅರುವತ್ತು ವರ್ಷ ಸಮೀಪಿಸಿದ ಮೇಲೆ ವೆಸೂವಿಯಸ್, ಎಟ್ನಾ ಅಗ್ನಿಪರ್ವತಗಳನ್ನು ಹತ್ತಿ ಬಂದರು.

ಇಂಥವರಿಗೂ ಅಪವಾದ ತಪ್ಪಲಿಲ್ಲ. 1785ರಲ್ಲಿ ಅವರು ಕಾನ್‌ಸ್ಟಾಂಟಿನೋಪಲ್ ಯಾತ್ರೆಗೆ ಹೋಗಿದ್ದಾಗ, ಸಂಗ್ರಹಾಲಯದ ವಸ್ತುಗಳನ್ನು ಕದ್ದು ಸ್ವಂತ ಊರಿನ ಮನೆಯಲ್ಲಿ ಇಟ್ಟುಕೊಂಡಿದ್ದಾರೆಂದು ಪಾವಿಯಾದ ಕೆಲವು ಸಹೋದ್ಯೋಗಿಗಳು ದೂರು ಕೊಟ್ಟರು. ವಿಚಾರಣೆ ನಡೆಯಿತು. ಆರೋಪ ನಿಲ್ಲಲಿಲ್ಲ, ಚಕ್ರವರ್ತಿ ಎರಡನೆಯ ಜೋಸೆಫರ ಸರಕಾರ ಅವರನ್ನು ನಿರ್ದೋಷಿಯೆಂದು ಸಾರಿತು. ಲೆಕ್ಕ ಒಪ್ಪಿಸುವ ಉದ್ಯೋಗದಲ್ಲಿರುವ ಯಾರಿಗಾದರೂ ಇಂಥ ಅಪವಾದದ ಭಾರ ಎಷ್ಟೆಂಬುದು ಗೊತ್ತು. ಅವರು ಅದನ್ನು ಹೊತ್ತು ಹೊರಬಂದು, ಮತ್ತೆ ಪಾಠಕ್ಕೂ ಪ್ರಯೋಗಕ್ಕೂ ಕೂತರು. ಬಾವಲಿಯ ಪ್ರಯೋಗಗಳು ನಡೆದದ್ದು ಇದಾದ ಮೇಲೆ.

ಕತ್ತಲೆಯ ಕೋಣೆ

1793. ಸ್ಪಲ್ಲಂಜಾನಿಯವರಿಗೆ ಅರುವತ್ತನಾಲ್ಕು ವರ್ಷ. ಸಾಕಿದ ಗೂಬೆಯೊಂದು ಅವರ ಕೋಣೆಯಲ್ಲಿ ಹಾರುತ್ತಿದ್ದಾಗ ಮೇಣದಬತ್ತಿ ಆರಿದರೆ, ಗೂಬೆ ದಿಕ್ಕುಗೆಟ್ಟು ಗೋಡೆಗೆ ಬಡಿಯುತ್ತಿತ್ತು. ರಾತ್ರಿಯ ಪಕ್ಷಿಯೆಂದು ಹೆಸರಾದ ಗೂಬೆಗೂ ಅಷ್ಟಿಷ್ಟು ಬೆಳಕು ಬೇಕು. ಆದರೆ ಅದೇ ಕತ್ತಲೆಯಲ್ಲಿ ಬಿಟ್ಟ ಬಾವಲಿಗಳು ಏನೂ ಆಗದಂತೆ ಹಾರಿದವು. ಇದೇಕೆ ಹೀಗೆ? ಇಷ್ಟರಿಂದ ಕೆಲಸ ಶುರುವಾಯಿತು.

ಅವರು ಬಾವಲಿಗಳ ಕಣ್ಣು ಮುಚ್ಚಿ ಬಿಟ್ಟರು. ಅನಂತರ ಕೆಲವನ್ನು ಕುರುಡಾಗಿಯೇ ಮಾಡಿ ಬಿಟ್ಟರು. ಇಂದಿನ ಮನಸ್ಸಿಗೆ ಇದು ಕ್ರೂರವೆಂದು ತೋರುವುದು ಸಹಜ. ಆದರೆ ಆ ಪರೀಕ್ಷೆಯ ಫಲ ಆಶ್ಚರ್ಯಕರವಾಗಿತ್ತು. ಕೋಣೆಯಲ್ಲಿ ಇಳಿಬಿಟ್ಟ ದಾರಗಳ ನಡುವೆ ಕುರುಡು ಬಾವಲಿಗಳು ಕಣ್ಣುಳ್ಳವುಗಳಷ್ಟೇ ಜಾಣತನದಿಂದ ನುಸುಳಿದವು. ಕುರುಡಾದವನ್ನು ಹೊರಗೆ ಬಿಟ್ಟು, ಕೆಲವು ದಿನಗಳ ಮೇಲೆ ಪಾವಿಯಾದ ಗಂಟೆಗೋಪುರದಲ್ಲಿ ಅವುಗಳಲ್ಲಿ ಕೆಲವನ್ನು ಮತ್ತೆ ಹಿಡಿದು ನೋಡಿದಾಗ, ಅವುಗಳ ಹೊಟ್ಟೆ ಕಣ್ಣಿದ್ದ ಬಾವಲಿಗಳ ಹೊಟ್ಟೆಯಂತೆಯೇ ಹುಳುಗಳಿಂದ ತುಂಬಿತ್ತು. ಕಣ್ಣಿಲ್ಲದೆ ಹಾರುವುದಿರಲಿ, ಹಾರುವ ಹುಳುವನ್ನೂ ಹಿಡಿದು ತಿಂದಿದ್ದವು!

ಹಾಗಾದರೆ ಯಾವ ಇಂದ್ರಿಯ? ಲೆಕ್ಕಪತ್ರದಲ್ಲಿ ತಪ್ಪು ಹುಡುಕುವವನು ಒಂದೊಂದೇ ಬಾಬನ್ನು ಹೊಡೆದುಹಾಕುತ್ತ ಹೋಗುವಂತೆ ಅವರು ಒಂದೊಂದೇ ಇಂದ್ರಿಯವನ್ನು ಪರೀಕ್ಷಿಸುತ್ತ ಹೋದರು. ಸ್ಪರ್ಶವಿರಬಹುದೇ ಎಂದು ಮೈಗೆಲ್ಲ ವಾರ್ನಿಷು ಬಳಿದರು, ಬಾವಲಿ ಹಾರಿತು. ಘ್ರಾಣ, ರುಚಿಗಳನ್ನು ತಡೆದರೂ ಹಾರಿತು. ಕಿವಿ ಮುಚ್ಚಿದ ಮೊದಲ ಪ್ರಯತ್ನಗಳಲ್ಲಿಯೂ ಸ್ಪಷ್ಟ ಉತ್ತರ ಸಿಕ್ಕಲಿಲ್ಲ. ಆಗ ಅವರು, ಮನುಷ್ಯನಿಗಿಲ್ಲದ ಆರನೆಯ ಇಂದ್ರಿಯವೊಂದು ಬಾವಲಿಗೆ ಇರಬಹುದೆಂಬ ಅಭಿಪ್ರಾಯಕ್ಕೆ ಬಂದರು.

ಅಲ್ಲಿಗೇ ನಿಲ್ಲಿಸಿದ್ದರೆ ಅವರ ಕೀರ್ತಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆದರೆ ಅವರು ತಮ್ಮ ಪ್ರಯೋಗಗಳನ್ನು ಪತ್ರಗಳ ಮೂಲಕ ಬೇರೆ ಊರಿನ ಪಂಡಿತರಿಗೆ ತಿಳಿಸಿ, ನೀವೂ ಮಾಡಿ ನೋಡಿರೆಂದು ಬೇಡಿಕೊಂಡರು. ಜಿನೀವಾ ನಗರದ ಜುರೀನ್ ಎಂಬ ಶಸ್ತ್ರವೈದ್ಯರು ಮಾಡಿ ನೋಡಿದರು. ಅವರು ಬಾವಲಿಯ ಕಿವಿಗಳನ್ನು ಮೇಣದಂಥ ಪದಾರ್ಥಗಳಿಂದ ಬಿಗಿಯಾಗಿ ಮುಚ್ಚಿದಾಗ, ಅದು ಎದುರಿಗೆ ಬಂದದ್ದಕ್ಕೆಲ್ಲ ಬಡಿದು ಬಿತ್ತು.

ಸುದ್ದಿ ಪಾವಿಯಾಕ್ಕೆ ಬಂತು. ಸ್ಪಲ್ಲಂಜಾನಿಯವರು ಮತ್ತೆ ಪ್ರಯೋಗಕ್ಕೆ ಇಳಿದರು. ಇದರಲ್ಲಿ ಅವರು ಹೂಡಿದ ಒಂದು ಉಪಾಯ ಇಂದಿಗೂ ಮೆಚ್ಚುವಂತಿದೆ. ಕಿವಿಗೆ ಏನನ್ನಾದರೂ ತುರುಕಿದರೆ ಬಾವಲಿ ಆ ನೋವಿಗೇ ತಡವರಿಸುತ್ತಿರಬಹುದಲ್ಲವೇ? ಈ ಸಂಶಯ ನಿವಾರಣೆಗಾಗಿ ಅವರು ಹಿತ್ತಾಳೆಯ ಅತಿ ಸಣ್ಣ ಕೊಳವೆಗಳನ್ನು ಮಾಡಿಸಿ ಕಿವಿಯೊಳಗೆ ಕೂಡಿಸಿದರು. ಕೊಳವೆ ತೆರೆದಿದ್ದಾಗ ಬಾವಲಿ ಸುಗಮವಾಗಿ ಹಾರಿತು. ಅದೇ ಕೊಳವೆಯನ್ನು ಮುಚ್ಚಿದಾಗ ಬಡಿದು ಬಿತ್ತು. ನೋವು ಎರಡಕ್ಕೂ ಒಂದೇ. ವ್ಯತ್ಯಾಸ ಶಬ್ದದ್ದು ಮಾತ್ರ. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಆರನೆಯ ಇಂದ್ರಿಯದ ಮಾತನ್ನು ಅವರೇ ಕೈಬಿಟ್ಟು, ಬಾವಲಿಗೆ ದಾರಿ ತೋರುವುದು ಕಿವಿಯೆಂದು ಒಪ್ಪಿದರು.

ಯೂರೋಪಿನಲ್ಲೆಲ್ಲ ಹೆಸರು ಮಾಡಿದ ಅರುವತ್ತೈದರ ವೃದ್ಧರು, ತಮಗಿಂತ ಎಷ್ಟೋ ಕಿರಿಯನಾದ ಪರವೂರಿನ ವೈದ್ಯನ ಪ್ರಯೋಗವನ್ನು ಕಂಡು ತಮ್ಮ ಮಾತನ್ನು ತಿದ್ದಿಕೊಂಡರು. ಅವರ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಒಂದು ಗುಟ್ಟು ಮಾತ್ರ ಅವರಿಗೆ ದಕ್ಕಲಿಲ್ಲ. ಬಾವಲಿ ಕೇಳುವುದಾದರೆ ಏನನ್ನು ಕೇಳುತ್ತದೆ? ಕೋಣೆ ನಿಶ್ಶಬ್ದವಾಗಿತ್ತು. ರೆಕ್ಕೆಯ ಸದ್ದೇ ಗೋಡೆಗೆ ತಾಗಿ ಮರಳುತ್ತಿರಬಹುದೇ ಎಂದು ಅವರು ಊಹಿಸಿದರು. ಮನುಷ್ಯನ ಕಿವಿಗೆ ನಿಲುಕದ ಸ್ವರವೊಂದಿರಬಹುದೆಂದು ಯೋಚಿಸಲು ಆ ಕಾಲದಲ್ಲಿ ಸಾಧನವೇ ಇರಲಿಲ್ಲ. ಈ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಅವರು 1799ರ ಫೆಬ್ರವರಿಯಲ್ಲಿ ಪಾವಿಯಾದಲ್ಲಿ ಕಣ್ಮುಚ್ಚಿದರು. ಹುಟ್ಟೂರಾದ ಸ್ಕಾಂದಿಯಾನೋದಲ್ಲಿ, ಭೂತಗನ್ನಡಿ ಹಿಡಿದು ಕಪ್ಪೆಯನ್ನು ಪರೀಕ್ಷಿಸುತ್ತಿರುವ ಅವರ ಪ್ರತಿಮೆ ನಿಂತಿದೆ.

ಮರೆತ ಮಾತು ಮರಳಿ ಬಂದುದು

ದೊಡ್ಡವರು ಹೇಳಿದ್ದೇ ವೇದವೆಂಬ ಗುಣ ಎಲ್ಲ ದೇಶದಲ್ಲೂ ಉಂಟು. ಫ್ರಾನ್ಸಿನ ಕೂವಿಯೇ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞರು, ಸ್ವತಃ ಒಂದು ಪ್ರಯೋಗವನ್ನೂ ಮಾಡದೆ, ಬಾವಲಿ ರೆಕ್ಕೆಯ ಸ್ಪರ್ಶದಿಂದಲೇ ದಾರಿ ತಿಳಿಯುತ್ತದೆಂದು 1795ರಲ್ಲಿ ತೀರ್ಮಾನ ಕೊಟ್ಟರು. ಅವರ ಹೆಸರಿನ ತೂಕಕ್ಕೆ ಪಾವಿಯಾ ಮತ್ತು ಜಿನೀವಾದ ಪ್ರಯೋಗಗಳು ಮುಳುಗಿಹೋದವು. ಕಿವಿಯಿಂದ ನೋಡುವ ಪ್ರಾಣಿಯೆಂದು ಕೆಲವರು ಗೇಲಿಯನ್ನೂ ಮಾಡಿದರು. ಸ್ಪಲ್ಲಂಜಾನಿಯವರ ಬಾವಲಿಯ ಪ್ರಯೋಗಗಳಲ್ಲಿ ಬಹುಭಾಗ ಪತ್ರಗಳಲ್ಲಿ, ದಿನಚರಿಯಲ್ಲಿ ಉಳಿದುಬಿಟ್ಟಿತು.

1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದಾಗ, ಹಿರಮ್ ಮ್ಯಾಕ್ಸಿಮ್ ಎಂಬ ಯಂತ್ರಜ್ಞರು ಬಾವಲಿಯಂತೆ ಹಡಗೂ ಸದ್ದಿನ ಮರುದನಿಯಿಂದ ಅಪಾಯ ತಿಳಿಯಬಹುದೆಂದು ಸೂಚಿಸಿದರು. 1920ರಲ್ಲಿ ಇಂಗ್ಲೆಂಡಿನ ಹಾರ್ಟ್‌ರಿಜ್ ಅವರು, ನಮ್ಮ ಕಿವಿಗೆ ಕೇಳದಷ್ಟು ಉಚ್ಚವಾದ ಸ್ವರವನ್ನು ಬಾವಲಿ ಹೊರಡಿಸುತ್ತಿರಬಹುದೆಂದು ಬರೆದರು. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಪಿಯರ್ಸ್ ಎಂಬ ಭೌತಶಾಸ್ತ್ರಜ್ಞರ ಹೊಸ ಯಂತ್ರದ ಮುಂದೆ ಬಾವಲಿಗಳ ಪಂಜರವನ್ನು ಇಟ್ಟರು. ನಿಶ್ಶಬ್ದವೆಂದು ತಿಳಿದಿದ್ದ ಪ್ರಾಣಿಗಳಿಂದ ಯಂತ್ರ ಚಟಚಟನೆ ಸದ್ದು ಹಿಡಿಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಗ್ರಿಫಿನ್ ಮತ್ತು ಅವರ ಗೆಳೆಯ ಗಲಾಂಬೋಸ್ ಬಾಯಿ ಕಟ್ಟಿಯೂ ಕಿವಿ ಮುಚ್ಚಿಯೂ ನೋಡಿ, ಬಾವಲಿ ಕೂಗುತ್ತದೆ, ಆ ಕೂಗಿನ ಮರುದನಿಯನ್ನು ಕೇಳಿ ದಾರಿ ಕಾಣುತ್ತದೆ ಎಂದು ಸಿದ್ಧಪಡಿಸಿದರು. ಸ್ಪಲ್ಲಂಜಾನಿಯವರ ಪ್ರಶ್ನೆಗೆ ಉತ್ತರ ಸಿಕ್ಕಲು ಸುಮಾರು ನೂರ ನಲವತ್ತೈದು ವರ್ಷ ಹಿಡಿಯಿತು.

ಈ ವಿದ್ಯೆಯ ಲೆಕ್ಕ ಸರಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. 3.4 ಮೀಟರು ದೂರದ ಗೋಡೆಗೆ ಹೋಗಿ ಮರಳಲು ಅದಕ್ಕೆ ಬೇಕಾದುದು ಒಂದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಕಾಲವನ್ನು ಬಾವಲಿಯ ಕಿವಿ ಮತ್ತು ಮಿದುಳು ಅಳೆಯುತ್ತವೆ. ಹುಳು ಹತ್ತಿರವಾದಂತೆ ಕೂಗು ಬಿರುಸಾಗುತ್ತ, ಹಿಡಿಯುವ ಕ್ಷಣದಲ್ಲಿ ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಕೂಗುಗಳು ಹೊರಡುತ್ತವೆ. ನಮ್ಮ ಕಿವಿಗೆ ಕೇಳುವ ಸ್ವರದ ಮೇಲಿನ ಮಿತಿ ಸೆಕೆಂಡಿಗೆ 20,000 ಕಂಪನ, ಎಂದರೆ 20 ಕಿಲೋಹರ್ಟ್ಸ್. ಬಾವಲಿಗಳ ಕೂಗು ಬಹುಪಾಲು ಇದರ ಮೇಲೆ. ಕೆಲವು ಜಾತಿಗಳದು 100ನ್ನೂ ದಾಟುತ್ತದೆ. ಇದು ಹುಳು ತಿನ್ನುವ ಬಾವಲಿಗಳ ಮಾತು. ಹಣ್ಣು ತಿನ್ನುವ ದೊಡ್ಡ ತೊಗಲಬಾವಲಿಗಳು ಕಣ್ಣು, ಮೂಗುಗಳನ್ನೇ ನಂಬಿ ನಡೆಯುತ್ತವೆ.

ಕೂಗಿನಿಂದ ಕುಲ ತಿಳಿಯುವುದು

ಬಾವಲಿ ಕೂಗುತ್ತದೆಂದು ತಿಳಿದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಎಲ್ಲ ಜಾತಿಯ ಬಾವಲಿಗಳೂ ಒಂದೇ ಬಗೆಯಲ್ಲಿ ಕೂಗುತ್ತವೆಯೇ? ಇಲ್ಲ. ಪರವೂರಿನಲ್ಲಿರುವ ನಮಗೆ ಇದು ಬೇಗ ಅರ್ಥವಾಗುವ ವಿಷಯ. ಬೇಗಂ ಬಜಾರಿನ ಗದ್ದಲದಲ್ಲಿ ಯಾರೋ ಕನ್ನಡದಲ್ಲಿ ಚೌಕಾಶಿ ಮಾಡುವುದು ಕಿವಿಗೆ ಬಿದ್ದರೆ, ಮುಖ ನೋಡುವ ಮೊದಲೇ ಇವರು ಕಲಬುರಗಿಯವರು, ಇವರು ಧಾರವಾಡದ ಕಡೆಯವರು, ಇವರು ಕೋಲಾರದವರು ಎಂದು ನಾವು ಹೇಳಿಬಿಡುತ್ತೇವೆ. ಬಾವಲಿಗಳಿಗೂ ಅವುಗಳದೇ ಸೀಮೆಯ ನುಡಿಯುಂಟು. ಕೆಲವದು ಮೇಲಿನಿಂದ ಕೆಳಕ್ಕೆ ಸರ್ರನೆ ಇಳಿಯುವ ಸ್ವರ; ಎಲೆಮೂಗಿನ ಬಾವಲಿಗಳದು ಒಂದೇ ಶ್ರುತಿಯಲ್ಲಿ ನಿಂತು ಕೊನೆಗೆ ತುಸು ಇಳಿಯುವ ಸ್ವರ. ಇವು ಮೂಗಿನ ಹೊಳ್ಳೆಗಳ ಮೂಲಕ ಕೂಗುತ್ತವೆ; ಮೂಗಿನ ಮೇಲಿನ ಎಲೆಯಂಥ ತೊಗಲು ಆ ಸ್ವರವನ್ನು ಮುಂದಕ್ಕೆ ಕೂಡಿಸಿ ಕಳುಹಿಸುತ್ತದೆ.

ಈಗಿನ ವಿಜ್ಞಾನಿಗಳು ಅತಿ ಉಚ್ಚಸ್ವರವನ್ನು ಹಿಡಿಯುವ ಮೈಕ್ರೊಫೋನಿನಿಂದ ಈ ಕೂಗನ್ನು ಧ್ವನಿಮುದ್ರಿಸುತ್ತಾರೆ. ಅದನ್ನು ಹತ್ತು ಪಟ್ಟು ನಿಧಾನಿಸಿದರೆ ನಮ್ಮ ಕಿವಿಗೂ ಕೇಳಿಸುತ್ತದೆ. ಗಣಕಯಂತ್ರ ಆ ಸ್ವರದ ಚಿತ್ರವನ್ನೂ ಬರೆದು ತೋರಿಸುತ್ತದೆ: ಎಷ್ಟು ಎತ್ತರದ ಸ್ವರ, ಎಷ್ಟು ಹೊತ್ತು, ಯಾವ ಆಕಾರ, ಎಷ್ಟು ಬಿಡುವಿಗೊಂದು ಕೂಗು. ಆದರೆ ಚಿತ್ರವೊಂದರಿಂದಲೇ ಜಾತಿ ತಿಳಿಯದು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಇದರ ಕ್ರಮ ಹೊಸದಲ್ಲ. ಖಾತೆ ತೆರೆಯುವ ದಿನ ಗ್ರಾಹಕರ ಮಾದರಿ ಸಹಿಯನ್ನು ಅವರ ಗುರುತಿನ ಸಮೇತ ಪಡೆದಿಟ್ಟಿದ್ದರೆ ಮಾತ್ರ, ಮುಂದೆ ಬರುವ ಚೆಕ್ಕಿನ ಸಹಿಯನ್ನು ತಾಳೆ ನೋಡಬಹುದು. ಹಾಗೆಯೇ, ಮೊದಲು ಬಾವಲಿಯನ್ನು ಬಲೆಯಲ್ಲಿ ಹಿಡಿದು, ಮುಂಗೈಯ ಉದ್ದ, ಮೂಗಿನ ಎಲೆಯ ರಚನೆ ಮುಂತಾದುವನ್ನು ಅಳೆದು, ಜಾತಿಯನ್ನು ನಿಶ್ಚಯಿಸಿ, ಅದರ ಕೂಗನ್ನು ಮುದ್ರಿಸಿ ಬಿಡಬೇಕು. ಇಂಥ ಮಾದರಿ ಕೂಗುಗಳ ಭಂಡಾರ ಇದ್ದರೆ, ಮುಂದೆ ಕತ್ತಲೆಯಲ್ಲಿ ಕೇಳಿಬಂದ ಕೂಗನ್ನು ಅದಕ್ಕೆ ತಾಳೆ ಹಾಕಬಹುದು.

ಸಹಿ ನೋಡುವವರಿಗೆ ಇನ್ನೊಂದು ಮಾತೂ ಗೊತ್ತು. ಒಬ್ಬರದೇ ಸಹಿ ಅವಸರದಲ್ಲಿ ಒಂದು ಬಗೆ, ನಿಧಾನದಲ್ಲಿ ಇನ್ನೊಂದು ಬಗೆ. ಬಾವಲಿಯೂ ಬಯಲಲ್ಲಿ ಹಾರುವಾಗ ಒಂದು ರೀತಿ, ಗಿಡಗಳ ಇಕ್ಕಟ್ಟಿನಲ್ಲಿ ಇನ್ನೊಂದು ರೀತಿ ಕೂಗುತ್ತದೆ. ಕೆಲವು ಜಾತಿಗಳ ಕೂಗುಗಳು ಒಂದರ ಮೇಲೊಂದು ಬೀಳುವಷ್ಟು ಹತ್ತಿರ. ಆದುದರಿಂದ ಗಣಕಯಂತ್ರ ಒಂದು ಹೆಸರು ಹೇಳಿದ ಮಾತ್ರಕ್ಕೆ ಒಪ್ಪದೆ, ಬಲ್ಲವರು ಮತ್ತೆ ನೋಡಿ ನಿರ್ಧರಿಸಬೇಕು. ಸಂಶಯವಿದ್ದಲ್ಲಿ ಜಾತಿಯ ಹೆಸರು ಬರೆಯದೆ ಬಿಡುವುದೇ ಪ್ರಾಮಾಣಿಕತೆ.

ಇದರ ಬಲ ಎಷ್ಟೆಂಬುದಕ್ಕೆ ಯೂರೋಪಿನ ನಿದರ್ಶನವೊಂದಿದೆ. ಅಲ್ಲಿಯ ಊರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಪುಟ್ಟ ಪಿಪಿಸ್ಟ್ರೆಲ್ ಬಾವಲಿ ಒಂದೇ ಜಾತಿಯೆಂದು ಎಲ್ಲರೂ ತಿಳಿದಿದ್ದರು. 1990ರ ದಶಕದಲ್ಲಿ ಕೂಗು ಕೇಳಿದಾಗ, ಕೆಲವು 45 ಕಿಲೋಹರ್ಟ್ಸ್ ಸುಮಾರಿನಲ್ಲಿ, ಕೆಲವು 55ರ ಸುಮಾರಿನಲ್ಲಿ ಕೂಗುತ್ತಿದ್ದವು. ಅನಂತರ ವಂಶವಾಹಿಗಳನ್ನು ಪರೀಕ್ಷಿಸಿದಾಗ ಅವು ಎರಡು ಬೇರೆ ಬೇರೆ ಜಾತಿಗಳೆಂದು ಸ್ಥಿರಪಟ್ಟಿತು. ಶತಮಾನಗಳಿಂದ ಕಣ್ಣು ಕಾಣದ ಭೇದವನ್ನು ಕಿವಿ ಕಂಡಿತು.

ಕೋಲಾರದ ಗವಿ

ಈಗ ನಮ್ಮ ನಾಡಿಗೆ ಬರೋಣ. ಕೋಲಾರವೆಂದರೆ ಚಿನ್ನದ ಗಣಿಯ ನೆನಪಾಗುತ್ತದೆ. ಆದರೆ ಆ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಡ್ಡದ ಗವಿಯಲ್ಲಿ ಚಿನ್ನಕ್ಕಿಂತ ಅಪರೂಪವಾದ ಒಂದು ಜೀವವಿದೆ. ಅದು ಕೋಲಾರದ ಎಲೆಮೂಗಿನ ಬಾವಲಿ. 1994ರಲ್ಲಿ ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ವರ್ಣಿಸಿ, ಹಿಪ್ಪೋಸಿಡೆರಸ್ ಹೈಪೊಫಿಲ್ಲಸ್ ಎಂದು ಹೆಸರಿಟ್ಟರು. ಆಗ ಅದೇ ಜಿಲ್ಲೆಯ ತೇರಹಳ್ಳಿಯಲ್ಲೂ ಇದು ಇತ್ತು. ಮುಂದಿನ ಶೋಧಗಳಲ್ಲಿ ಅಲ್ಲಿ ಕಾಣಲಿಲ್ಲ. ಲೋಕದಲ್ಲಿ ಇದರ ನೆಲೆಯಾಗಿ ಹೆಸರಿಸಲು ಉಳಿದದ್ದು ಹನುಮನಹಳ್ಳಿ ಒಂದೇ. ಇರುವ ಬಾವಲಿಗಳು ಇನ್ನೂರಕ್ಕೂ ಕಡಮೆಯೆಂದು ಅಂದಾಜು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ. ಗುಡ್ಡಗಳಲ್ಲಿ ನಡೆದ ಗ್ರಾನೈಟ್ ಗಣಿಗಾರಿಕೆ ಇದಕ್ಕೆ ದೊಡ್ಡ ಕುತ್ತಾಗಿತ್ತು. ಕರ್ನಾಟಕದ ಅರಣ್ಯ ಇಲಾಖೆಯೂ ಬಾವಲಿಗಳ ರಕ್ಷಣೆಗೆ ನಿಂತ ಸಂಸ್ಥೆಗಳೂ ಆ ಗವಿಯನ್ನು ಕಾಪಾಡುವ ಕೆಲಸಕ್ಕೆ ಕೈಹಾಕಿವೆ.

ಇಲ್ಲಿ ನಮ್ಮ ಹೈದರಾಬಾದಿನ ಪಾತ್ರವಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರಾದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ಸಂಗಡಿಗರು ಕೋಲಾರಕ್ಕೆ ಹೋಗಿ ಈ ಬಾವಲಿಗಳನ್ನು ಅಭ್ಯಾಸ ಮಾಡಿದರು. ಅದುವರೆಗೆ ಮಧ್ಯಪ್ರದೇಶದ ಜಬಲಪುರದ ಕಡೆಯಿಂದ ತಿಳಿದಿದ್ದ ದುರ್ಗಾದಾಸರ ಎಲೆಮೂಗಿನ ಬಾವಲಿಯೂ ಕೋಲಾರದಲ್ಲಿರುವುದನ್ನು ಅವರು ಕಂಡರು. 2016ರಲ್ಲಿ ಈ ಎರಡೂ ಜಾತಿಗಳ ಕೂಗಿನ ಮೊದಲ ವಿವರಣೆಯನ್ನು ಪ್ರಕಟಿಸಿದರು. ಕೋಲಾರದ ಬಾವಲಿ ಸುಮಾರು 103ರಿಂದ 105 ಕಿಲೋಹರ್ಟ್ಸ್ ನಡುವೆ ಕೂಗುತ್ತದೆ. ದುರ್ಗಾದಾಸರ ಬಾವಲಿ ಸುಮಾರು 168ರಿಂದ 175ರ ನಡುವೆ. ನೋಡಲು ಹತ್ತಿರದ ಬಂಧುಗಳಂತಿದ್ದರೂ ದನಿಯಲ್ಲಿ ಇಷ್ಟೊಂದು ಅಂತರ!

ಈ ಅಂಕಿಗಳ ಬೆಲೆ ಏನೆಂದು ವಾಚಕರು ಕೇಳಬಹುದು. ಕೇವಲ ಇನ್ನೂರರಷ್ಟು ಉಳಿದ ಜೀವಿಯನ್ನು ಪದೇ ಪದೇ ಬಲೆಯಲ್ಲಿ ಹಿಡಿಯುವುದು ತರವಲ್ಲ. ಮರಿಯನ್ನು ಎದೆಗೆ ಅವಚಿಕೊಂಡ ತಾಯಿಬಾವಲಿಗಳು ಬೆದರಿದರೆ ಗವಿಯನ್ನೇ ತೊರೆಯಬಹುದು. ಅದರ ಕೂಗು ತಿಳಿದಿದ್ದರೆ, ಗವಿಯ ಹೊರಗೆ ಮೈಕ್ರೊಫೋನನ್ನು ಇಟ್ಟು, ಮುಟ್ಟದೆ, ಬೆದರಿಸದೆ, ಅದು ಇದೆಯೇ ಎಂದು ಕೇಳಬಹುದು. ಸುತ್ತಣ ನೂರಾರು ಗುಡ್ಡಗಳಲ್ಲಿ, ಹಾಳುಗವಿಗಳಲ್ಲಿ ಇದೇ ಸ್ವರವನ್ನು ಅರಸಬಹುದು. ಎಲೆಮೂಗಿನ ಬಾವಲಿಯ ಕೂಗು ಬಹುದೂರ ಹೋಗದಾದ್ದರಿಂದ ಇದು ತಾಳ್ಮೆಯ ಕೆಲಸ. ಆದರೆ ಎಂದಾದರೂ ಒಂದು ರಾತ್ರಿ, ಇನ್ನೊಂದು ಗುಡ್ಡದ ಬಾಯಲ್ಲಿ ಆ 103–105ರ ಸ್ವರ ಕೇಳಿಬಂದರೆ, ಕೋಲಾರದ ಬಾವಲಿಗೆ ಎರಡನೆಯ ಮನೆ ಸಿಕ್ಕಿದಂತೆ. ಒಂದೇ ಮನೆಯನ್ನು ನಂಬಿದ ಕುಲಕ್ಕೂ ಎರಡು ಮನೆಯುಳ್ಳ ಕುಲಕ್ಕೂ ಇರುವ ಅಂತರವನ್ನು ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಸ್ಪಲ್ಲಂಜಾನಿಯವರು ಕೋಲಾರವನ್ನು ಕಂಡವರಲ್ಲ, ಹೈದರಾಬಾದಿನ ಹೆಸರನ್ನು ಕೇಳಿದ್ದರೋ ಇಲ್ಲವೋ. ಆದರೂ ಅವರ ಹಿತ್ತಾಳೆಯ ಕೊಳವೆಯಿಂದ ಹೊರಟ ದಾರಿ ಹನುಮನಹಳ್ಳಿಯ ಗವಿಯ ಬಾಯಿಗೆ ಬಂದು ಮುಟ್ಟಿದೆ. ತಾವು ಕೇಳಲಾರದ ಸ್ವರದ ಇರವನ್ನು, ಕಿವಿಯೇ ಕಾರಣವೆಂಬ ಒಂದು ಸತ್ಯದ ಮೂಲಕ, ಅವರು ಮುಂದಿನವರಿಗೆ ಕಾಯ್ದಿಟ್ಟರು. ದೊಡ್ಡವರು ಅಲ್ಲಗಳೆದರೂ ಆ ಸತ್ಯ ಕೆಡಲಿಲ್ಲ. ಸೀಲು ಮಾಡಿದ ಅವರ ಸೀಸೆಯ ಸಾರಿನಂತೆ ಹಾಗೆಯೇ ಉಳಿಯಿತು.

ನಾಡೆಂದರೆ ನುಡಿ, ಹೊಳೆ, ಗುಡಿ ಮಾತ್ರವಲ್ಲ. ಅಲ್ಲಿಯ ಗವಿಯೂ, ಗವಿಯಲ್ಲಿ ತಲೆಕೆಳಗಾಗಿ ತೂಗುವ ಜೀವವೂ ನಾಡೇ. ಕನ್ನಡನೆಲದಲ್ಲಿ ಮಾತ್ರ ಉಳಿದಿರುವ ಒಂದು ದನಿಯನ್ನು ಈ ಹೈದರಾಬಾದಿನವರು ಹೋಗಿ ಬರೆದಿಟ್ಟುಕೊಂಡು ಬಂದಿದ್ದಾರೆ. ಆ ಉಪಕಾರವನ್ನು ನಾವು ನೆನೆಯೋಣ. ನಮ್ಮ ಮಕ್ಕಳಲ್ಲಿ ಯಾರಾದರೂ ಸಂಜೆ ಬಾವಲಿಯನ್ನು ಕಂಡು ಅದು ಏನೆಂದು ಕೇಳಿದರೆ, ಪೊರಕೆಯನ್ನು ಬದಿಗಿಟ್ಟು, ಪಾವಿಯಾದ ಆ ವೃದ್ಧರ ಕಥೆಯನ್ನು ಹೇಳೋಣ.